ಹೆಸರಿಲ್ಲದ ಉತ್ತರ

...ಅಯ್ಯ, ಚಾ ಬ್ಯಾಡ್ರಿ ಸುಶೀಲವ್ವ, ಕುಂದರ್ರಿ ನೀವು. ನಾ ಚಾ ಕುಡ್ಯಾಕ ಬಂದಿಲ್ಲ. ಸಹಿ ಒಂದು ಮಾಡಿಬಿಟ್ರ ಎದ್ದು ಹೋಗ್ತೇನಿ. ನಾಕು ಗಂಟೆ ಬಸ್ ತಪ್ಪಿದ್ರ ಸವಣೂರಿಗೆ ಮತ್ತ ಬಸ್ಸಿಲ್ಲ. ಇಲ್ನೋಡ್ರಿ, ಈ ಗೆರಿ ಮ್ಯಾಲ. ಓದಿ ಹೇಳ್ಲೇನು? 'ನನ್ನ ಮಗಳು ರೇಣವ್ವ, ಒಂಬತ್ತನೇ ತರಗತಿ, ಶಾಲೆಯ ಮೆಟ್ಟಿಲ ಮೇಲಿಂದ ಜಾರಿ ಬಿದ್ದು ಎಡಗಿವಿಗೆ ಪೆಟ್ಟಾಗಿರುತ್ತದೆ. ಇದರಲ್ಲಿ ಶಿಕ್ಷಕರ ತಪ್ಪು ಇರುವುದಿಲ್ಲ.' ಅಷ್ಟರಿ. ಮತ್ತೇನಿಲ್ಲ.

ಯಾಕ ನಗ್ತೀರಿ?

ಗೊತ್ತೈತ್ರಿ. ಮೆಟ್ಟಿಲ ಅಲ್ಲ ಅಂತ ನನಗೂ ಗೊತ್ತೈತಿ. ನಮ್ಮ ಮನಿಯವರು ಹೊಡದದ್ದು ಇಡೀ ಕ್ಲಾಸು ನೋಡೇತಿ. ಆದ್ರ ಒಂದ ಏಟು ರೀ... ಒಂದ ಏಟು! ಗಣಿತದ ಮಾಸ್ತರು ಹೊಡಿಯೂದು ಹೊಸಾದೇನು? ಕಿವಿಯಾಗ ರಕ್ತ ಬರ್ತೈತಿ ಅಂತ ಅವರೇನು ಕನಸು ಕಂಡಿದ್ರೇನು? ನಾಳೆ ಶಿಕ್ಷಣ ಇಲಾಖೆ ಸಾಹೇಬರು ಚೌಕಶಿಗೆ, ವಿಚಾರಣೆಗೆ ಬರ್ತಾರ. ಈ ಕಾಗದ ಇಲ್ಲಂದ್ರ ಅವರ ನೌಕರಿ ಹೋಗ್ತೈತಿ, ಸುಶೀಲವ್ವ.

ಹುಬ್ಬಳ್ಳಿ ಡಾಕ್ಟರು ಏನಂದ್ರು? ...ಹಂಗ ತಲಿ ಅಲ್ಲಾಡಸಬ್ಯಾಡ್ರಿ, ಬಾಯಿಬಿಟ್ಟು ಹೇಳ್ರಿ. ಪೂರಾ ಕೇಳಂಗಿಲ್ಲೇನು? ಮುಂದ ಸೈತ? ...ಅಯ್ಯ ಶಿವನ.

ರೇಣವ್ವ ಒಳಗದಾಳೇನು? ಕರೀಬ್ಯಾಡ್ರಿ. ಬ್ಯಾಡ, ಮಲಗಲಿ.

ತಪ್ಪು ನಂದ ರೀ. ನಂದ ಮತ್ತ ಆ ಟ್ಯಾಬಿಂದು. ಶಿಗ್ಗಾವ್ಯಾಗ ನಮಗ ಟೀಚರಿಗೆಲ್ಲಾ ಟ್ರೇನಿಂಗ್ ಕೊಟ್ರು. ಇಂಟರ್ನೆಟ್ಟಿನ್ಯಾಗ ಒಂದು ಪ್ರಶ್ನಿ ಹಾಕೂದು, ಹುಡುಗ್ರು ಕುಂತಲ್ಲೇ ಟ್ಯಾಬಿನ್ಯಾಗ ಉತ್ತರ ಒತ್ತೂದು, ಅದು ಗ್ವಾಡಿ ಮ್ಯಾಲಿನ ದೊಡ್ಡ ಪಡದಿಗೆ ಬರೂದು. ಎಷ್ಟು ಮಂದಿ ಅದೇ ಶಬ್ದ ಬರೀತಾರೋ ಅಷ್ಟು ದೊಡ್ಡದಾಗ್ತೈತಿ ಆ ಶಬ್ದ. ಯಾರದೂ ಹೆಸರು ಕಾಣಂಗಿಲ್ಲ. ನನಗ ಹುಚ್ಚ ಹಿಡದಿತ್ತು ಅಂತ ತಿಳ್ಕೋರಿ! ಬಾಯಿ ಬಿಡಲಾರದ ಹುಡುಗ್ರೆಲ್ಲಾ ಬರಿಯಾಕತ್ತಿದ್ರು. ನಿಮ್ಮ ರೇಣವ್ವ... ಎರಡು ವರ್ಷ ನನ್ನ ಕ್ಲಾಸಿನ್ಯಾಗ ಒಂದು ಮಾತಾಡಿರಲಿಲ್ಲ ನಿಮ್ಮ ಮಗಳು. ಟ್ಯಾಬ್ ಕೈಗೆ ಕೊಟ್ರ ಎಲ್ಲಾರಿಗಿಂತ ಮೊದಲ ಆಕಿ ಉತ್ತರನ ಬರ್ತಿತ್ತು. ಚೊಕ್ಕ ಕನ್ನಡ. ನಾ ಸ್ಟಾಫ್ ರೂಮಿನ್ಯಾಗ ಆಕಿದ ಹೇಳತಿದ್ನಿ, ಆಕಿದ.

ಅವತ್ತ ಒಂದು ಪ್ರಶ್ನಿ ಹಾಕಿದ್ನಿ. 'ನಿಮಗೆ ಯಾವುದರ ಭಯ?' ಹೆದರಬ್ಯಾಡ್ರಿ, ಬರೀರಿ, ಯಾರ ಬರದಾರ ಅಂತ ಯಾರಿಗೂ ಗೊತ್ತಾಗಂಗಿಲ್ಲ ಅಂದ್ನಿ. ಬಂದ್ವು ನೋಡ್ರಿ ಒಂದೊಂದ. ಹಾವು. ಪರೀಕ್ಷೆ. ಅಪ್ಪ ಕುಡಿದು ಬರೋದು. ನನಗೊಂದು ಚಟ, ಬಂದ ಶಬ್ದಾನೆಲ್ಲಾ ಗಟ್ಟಿಯಾಗಿ ಓದೂದು. ಓದಕೋತ ಹೊಂಟೇನಿ... ಅವರ ಹೆಸರು ಬಂತು.

ನಮ್ಮ ಮನಿಯವರ ಹೆಸರು ರೀ. ನೀವು ನಿಮ್ಮ ಮನಿಯವರನ್ನ, ಮಾಳಪ್ಪಣ್ಣನ್ನ, ಹೆಸರು ಹಿಡದು ಕರೀತೀರೇನು? ಇಲ್ಲಲ್ಲ? ನಾನೂ ಇಲ್ಲಿತನಕ ತಗೊಂಡಿಲ್ಲ. ಹಾಜರಿ ಪುಸ್ತಕದಾಗ ಅದೇ ಹೆಸರಿನ ಒಬ್ಬ ಹುಡುಗ ಅದಾನ, ಅವನಿಗೆ 'ಏ ತಮ್ಮಾ' ಅಂತೇನಿ! ಓದೂದು ಬಿಟ್ಟು ನಿಂತ್ನಿ. ಸುಮ್ನ ಓದಿ ಮುಂದ ಹೋಗಿದ್ರ ಯಾರೂ ನೋಡ್ತಿರಲಿಲ್ಲೇನೋ... ನಾ ನಿಂತದ್ದಕ್ಕ ಎಲ್ಲಾರೂ ನೋಡಿದ್ರು. ಹಿಂದಿನ ಬೆಂಚಿನ್ಯಾಗ ಕಿಸಕ್ಕಂದ್ರು. 'ಟೀಚರ್, ಅದನ್ನೂ ಓದ್ರಿ!' ಆಮ್ಯಾಲ ಧೈರ್ಯ ಬಂತು ಹುಡುಗ್ರಿಗೆ. ಇನ್ನೊಬ್ರು ಅದನ್ನ ಒತ್ತಿದ್ರು. ಇನ್ನೊಬ್ರು. ದೊಡ್ಡದಾಗಕೋತ ಹೊಂಟಿತು ರೀ ಆ ಹೆಸರು, ದೊಡ್ಡದಾಗಕೋತ... ಹಾವು, ಪರೀಕ್ಷೆ ಎಲ್ಲಾ ಮೂಲಿಗೆ ಹೋದ್ವು. ನಾ ಪಡದಿ ಬಂದ್ ಮಾಡಾಕ ರಿಮೋಟ್ ಹುಡುಕಾಕತ್ತೇನಿ. ತಿರಿಗಿ ನೋಡಿದ್ರ ಬಾಗಲದಾಗ ಅವರ ನಿಂತಾರ. ಸೀಮಿ ಸುಣ್ಣ ಹಿಡ್ಕೊಂಡು.

ಹಂಗ ಹೊಳ್ಳಿ ಹೋದ್ರು. ಮರುದಿನ ಗಣಿತದ ಪಿರಿಯಡ್ಡಿನ್ಯಾಗ ರೇಣವ್ವನ್ನ ಬೋರ್ಡಿಗೆ ಕರದ್ರು.

ಮೊದಲ ಬರದಾಕಿ ಆಕಿನ ಅಂತ ಅವರಿಗೆ ಹೆಂಗ ತಿಳೀತೋ, ನನಗ ಗೊತ್ತಿಲ್ಲ ರೀ. ಅಂದಾಜು ಮಾಡಿರಬೇಕು. ಹುಡುಗ್ರ ಯಾರರ ಹೇಳಿರಬೇಕು. ಆಕಿ ಮಾರಿ ನೋಡೇ... ಅದರಾಗ ಹೆಸರು ಬರಂಗಿಲ್ಲ ಅಂದ್ನಲ್ಲ. ಯಾರಿಗೆ ಕೊಟ್ಟ ಟ್ಯಾಬೋ ಅದರ ನಂಬರ್ ಅಷ್ಟ ಬರ್ತೈತಿ, ಅದೂ ಬ್ಯಾರೇ ಯಾರಿಗೂ ಕಾಣಂಗಿಲ್ಲ, ನನ್ನ ಮೊಬೈಲಿನ್ಯಾಗ ಅಷ್ಟ...

...

ಪೆನ್ ಯಾಕ ಕೆಳಗಿಟ್ರಿ?

ಹಂಗ ನೋಡಬ್ಯಾಡ್ರಿ. ನಾ ಏನಂದ್ನಿ ಈಗ? ಏನೂ ಅನ್ನಲಿಲ್ಲ. ಸುಶೀಲವ್ವ... ಏನರ ಅನ್ರಿ. ಬೈರಿ ಬೇಕಾದ್ರ. ನಿಮ್ಮ ಕಾಲಿಗೆ ಬೀಳ್ತೇನಿ, ಸುಮ್ನ ಕುಂದರಬ್ಯಾಡ್ರಿ ಹಿಂಗ!

...

ನಾ ಆಕಿನ್ನ ಭಾಳ ಹಚ್ಕೊಂಡಿದ್ನಿ ರೀ. ಖರೇ ಹೇಳ್ತೇನಿ.

ಆ ಹೆಸರು ಪಡದಿ ಮ್ಯಾಲ ಬಂದ ದಿನಾನ ಸಂಜೀಮುಂದ ಅವರು ಅಡಗಿ ಮನಿಗೆ ಬಂದ್ರು. ಬಾಗಲಾ ಹಾಕಿದ್ರು. ಹುಡುಗ್ರಿಗೆ ನೀನ ಹೇಳಿಕೊಟ್ಟು ಬರಿಸೀಯಲ್ಲ, ಅಂದ್ರು. ನಾ ಅಲ್ಲ, ನಾ ಅಲ್ಲ, ಅಂದ್ನಿ. ಮತ್ತ ಯಾರು, ಅಂತ ಕೈ ಎತ್ತಿದ್ರು. ಆ ಕೈ ನನಗ ಹನ್ನೊಂದು ವರ್ಷದಿಂದ ಗೊತ್ತೈತ್ರಿ.

ರೇಣವ್ವ, ಅಂದ್ನಿ.

ಕೈ ಕೆಳಗ ಇಳೀತು.