ಹೆಣ್ಣು ನೋಡಲು ಹೊರಟ ಕಾರು

ಬೆಳ್ಳೂರು ಕ್ರಾಸಿನ ಎಸ್‌ಟಿಡಿ ಬೂತಿನ ಮುಂದೆ ನಾನು ಹಾಸನದ ಬಸ್ಸಿಗೆ ಕಾಯುತ್ತಿದ್ದೆ. ಪಕ್ಕದಲ್ಲಿ ಹಳೇ ಕಾರೊಂದು ಬಾನೆಟ್ ತೆರೆದುಕೊಂಡು ನಿಂತಿತ್ತು. ಅಷ್ಟು ಹೊತ್ತು ಹಬೆ ಬಿಟ್ಟು ಈಗ ತಣ್ಣಗಾಗಿತ್ತು. ಹೊಸ ಸಫಾರಿ ತೊಟ್ಟವನೊಬ್ಬ ಅದರೊಳಗೆ ಬಗ್ಗಿದ್ದ. ಹೂವು ಹಣ್ಣಿನ ಬುಟ್ಟಿ ಹಿಡಿದು ಅವನ ಅಕ್ಕ ನಿಂತಿದ್ದಳು.

"ತಣ್ಣಗಾಯ್ತಲ್ಲೋ ಜಯ, ಇನ್ನೂ ಯಾಕ್ಲಾ ಸ್ಟಾರ್ಟ್ ಆಗ್ತಿಲ್ಲ?"

"ಬ್ಯಾಟ್ರಿ ಇರ್ಬೇಕು ಕಣಕ್ಕ."

"ಆರ್ನು ಒತ್ತುದ್ರೆ ಚೆಂದಾಗೇ ಬಡ್ಕೋತೈತಲ್ಲ?"

"ಅಂಗಾದ್ರೆ ಬ್ಯಾಟ್ರಿ ಅಲ್ಲ. ತಡಿ, ಫ್ಯಾನು ತಿರುಗಿಸಿ ನೋಡ್ತೀನಿ. ಊಹೂಂ, ಅಳ್ಳಾಡ್ತಾನೇ ಇಲ್ಲ. ಬಿಸಿ ಜಾಸ್ತಿಯಾಗಿ ಎಂಜಿನ್ನೇ ಕಚ್ಕೊಬುಟ್ಟೈತೆ."

"ನೀರು ಉಯ್ದಿದ್ದೆ ತಾನೇ?"

"ತುಂಬಾ ಉಯ್ದಿದ್ದೆ."

"ಮತ್ಯಾಕೆ ಬಿಸಿಯಾಯ್ತು? ಆ ಮುಚ್ಚಳ ಬಿಚ್ಚು, ನೋಡವ."

ಅವನು ರೇಡಿಯೇಟರಿನ ಮುಚ್ಚಳ ಬಿಚ್ಚಿದ. ಅಕ್ಕ ಬಗ್ಗಿ ಮೂಸಿದಳು.

"ಇದೇನ್ಲಾ, ಅಂಬ್ಲಿ ವಾಸ್ನೆ?"

"ರೇಡಿಯೇಟ್ರು ಸೋರ್ತಿತ್ತು ಕಣಕ್ಕ. ಅರಿಶ್ಣ ಆಕುದ್ರೆ ತೂತು ಮುಚ್ಕೋತದೆ ಅಂದ್ರು. ಅರಿಶ್ಣ ಕೈಗೆ ಸಿಗ್ನಿಲ್ಲ, ರಾಗಿಹಿಟ್ಟು ಆಕ್ದೆ."

"ಎಷ್ಟು ಆಕ್ದೆ?"

"ಒಂದ್ ಸೇರು."

"ಸೇರು! ಮನೆಮಂದಿಗೆಲ್ಲಾ ಆಯ್ತಿತ್ತಲ್ಲೋ! ಒಳಗೆಲ್ಲಾ ಗಟ್ಟಿಯಾಗಿ ಕೂತ್ಕಂಡ್ರೆ ನೀರು ಓಡಾಡೋದೆಲ್ಲಿ?"

ಅವನು ಮುಚ್ಚಳವನ್ನು ಮತ್ತೆ ತಿರುಗಿಸಿ ಹಾಕಿದ. ಅಷ್ಟರಲ್ಲಿ ನಾಗಮಂಗಲದ ಬಸ್ಸು ಬಂತು.

"ನಡಿ, ಬಸ್ಸಲ್ಲೇ ಓಗವ. ಕಿಕ್ಕೇರೀಲಿ ಎಣ್ಣಿನೋರು ಕಾಯ್ತಾವ್ರೆ."

"ಕಾರಲ್ಲೇ ಬತ್ತೀನಿ ಅಂತ ಏಳ್ಬುಟ್ಟಿದ್ದೀನಲ್ಲಕ್ಕ. ಕಾರೆಲ್ಲಿ ಅಂದ್ರೆ ಏನನ್ಲಿ?"

ಅಕ್ಕ ಬುಟ್ಟಿಯನ್ನು ಅವನ ಕೈಗೆ ಕೊಟ್ಟು ಬಸ್ಸಿನ ಮೆಟ್ಟಿಲು ಹತ್ತಿದಳು.

"ಒಟ್ಟೆ ತುಂಬ ಉಂಡು ಮಲಗೈತೆ ಅನ್ನು."