ಹನ್ನೆರಡು ಗಂಟೆ ದೂರದ ದನಿ

ಬಾವಿಯ ಹತ್ತಿರ ಅವನಿಗೆ ಮೊದಲು ಕೇಳಿಸಿದ್ದು ಕೆಮ್ಮು. ಗಂಟಲು ಸರಿಮಾಡಿಕೊಳ್ಳುವಂಥ ಸಣ್ಣ ಕೆಮ್ಮು, ಹೆಂಗಸಿನದು. ಆಮೇಲೆ ಬೆರಳಲ್ಲಿ ಮೈಕು ತಟ್ಟಿದ ಹಾಗೆ... ಟಕ್, ಟಕ್.

ರಾತ್ರಿ ಹನ್ನೊಂದೂವರೆ. ರಸ್ತೆಯಲ್ಲಿ ನರಪಿಳ್ಳೆಯಿಲ್ಲ. ಆ ಬಾವಿಗೆ ಕಬ್ಬಿಣದ ಮುಚ್ಚಳ ಹಾಕಿ ಬೀಗ ಜಡಿದು ಎಷ್ಟೋ ವರ್ಷವಾಗಿದೆ.

ಅವನು ಅಂದರೆ ನನ್ನ ಚಿಕ್ಕಮ್ಮನ ಮಗ, ನಮ್ಮ ಪಕ್ಕದ ಮನೆಯವನು. ನಾನು ದೇವರ ಹೆಸರು ಹೇಳಿಕೊಂಡು ದಿನ ತಳ್ಳುವ ಹೆಂಗಸು. ದೆವ್ವ ಗಿವ್ವ ಅಂತ ಯಾರನ್ನೂ ಹೆದರಿಸಿದವಳಲ್ಲ. ನಡೆದದ್ದನ್ನು ನಡೆದ ಹಾಗೆ ಹೇಳುತ್ತೇನೆ, ಅಷ್ಟೆ. ದೀಪ ಸ್ವಲ್ಪ ಸಣ್ಣದು ಮಾಡಿ... ಹಾಂ, ಸಾಕು.

ಅವನ ಕೆಲಸ ಆಸ್ಪತ್ರೆಯಲ್ಲಿ, ದನಿಗಳನ್ನು ಕಾಯುವುದು. ಗಂಟಲಿನ ಆಪರೇಷನ್ ಆದರೆ ಮಾತು ಹೋಗುತ್ತದೆ ಅನ್ನುವವರನ್ನು ಮೊದಲೇ ಕೂರಿಸಿ ಅವರ ಮಾತು ರೆಕಾರ್ಡ್ ಮಾಡಿಡುತ್ತಾರೆ. ಆಮೇಲೆ ಗುಂಡಿ ಒತ್ತಿದರೆ ಅವರದೇ ದನಿಯಲ್ಲಿ ಮಾತು ಬರುತ್ತದೆ. ನಾಲ್ಕು ವರ್ಷದ ಹಿಂದೆ ಅವನ ಹೆಂಡತಿಯೂ ಹಾಗೆ ಕೂತಳು. ಮಗು ಆಗ ಹತ್ತು ತಿಂಗಳದ್ದು. ಎರಡು ಹಾಳೆ ತುಂಬ ಬರೆದುಕೊಂಡು ಹೋಗಿದ್ದಳು. ಒಂದು ಮಗಳಿಗೆ, ಒಂದು ಗಂಡನಿಗೆ. ಇವನು ಇಣುಕಲು ಹೋದರೆ ಕಿತ್ತುಕೊಂಡು, "ಈಗಲೇ ಓದಿದ್ರೆ ಆಮೇಲೆ ಕೇಳೋಕೆ ಏನ್ರೀ ಉಳಿಯತ್ತೆ?" ಅಂದಳಂತೆ.

ಆಪರೇಷನ್ ಆದ ಒಂಬತ್ತನೇ ದಿನ ಹೋಗಿಬಿಟ್ಟಳು. ದೇವರ ಇಚ್ಛೆ. ಯಾಕೆ ಅಂತ ನಾನು ಇವತ್ತಿಗೂ ದೇವರನ್ನು ಕೇಳಿಲ್ಲ, ಕೇಳಿದರೆ ಅತ್ತುಬಿಡುತ್ತೇನೆ ಅಂತ.

ಆ ರೆಕಾರ್ಡನ್ನು ಇವನು ಒಂದು ಸಲವೂ ತೆರೆಯಲಿಲ್ಲ. "ಇರಲಿ ಅಕ್ಕ, ಎಲ್ಲಿ ಹೋಗತ್ತೆ" ಅನ್ನುತ್ತಿದ್ದ.

ಎರಡು ವರ್ಷದ ಹಿಂದೆ ಆಸ್ಪತ್ರೆಯ ಕಂಪ್ಯೂಟರಿನಲ್ಲಿ ಜಾಗ ಸಾಲದಾಯಿತು. ಇವನೇ ಕೂತು ನಿಯಮ ಬರೆದ. ಒಂದು ವರ್ಷ ಯಾರೂ ತೆರೆಯದ ರೆಕಾರ್ಡು ತಾನಾಗಿ ಬೇರೆ ಊರಿನ ಉಗ್ರಾಣಕ್ಕೆ ಹೋಗಬೇಕು. ಅಲ್ಲಿಂದ ವಾಪಸು ತರಿಸಲು ಹನ್ನೆರಡು ಗಂಟೆ. ತಪ್ಪು ನಿಯಮವೇನಲ್ಲ. ಆದರೆ ಬೇಡ ಅಂತ ಮುಟ್ಟದ್ದು ಯಾವುದು, ಎದೆ ಒಡೆಯುತ್ತದೆ ಅಂತ ಮುಟ್ಟದ್ದು ಯಾವುದು... ಯಂತ್ರಕ್ಕೆ ಹೇಗೆ ಗೊತ್ತಾಗಬೇಕು? ಬರೆದವನಿಗೇ ಹೊಳೆಯಲಿಲ್ಲ.

ಇನ್ನು ಮಗು. ಅವಳ ಕಿವಿ ಒಂದೊಂದೇ ಮಂಕಾಗುತ್ತ ಬಂತು. ಬಲಗಿವಿ ಪೂರ್ತಿ ಹೋಯಿತು, ಎಡಗಿವಿಯಲ್ಲಿ ಚೂರು ಉಳಿದಿತ್ತು. ಬಾಯಿಟ್ಟು ಕೂಗಿದರೆ ಅರ್ಧ ಕೇಳಿಸೋದು. ಡಾಕ್ಟರು ಎರಡೂ ಕಿವಿಯೊಳಗೆ ಯಂತ್ರ ಇಡೋಣ ಅಂದರು. "ಆಮೇಲೆ ಚೆನ್ನಾಗಿ ಕೇಳಿಸತ್ತೆ. ಆದರೆ ಈಗಿರೋ ಚೂರು ಹೋಗತ್ತೆ. ದನಿಗಳೆಲ್ಲ ಬೇರೆ ಥರ, ತಗಡಿನ ಡಬ್ಬದೊಳಗಿಂದ ಬಂದ ಹಾಗೆ."

ಮಗಳಿಗೆ ಅದನ್ನೆಲ್ಲ ಸನ್ನೆಯಲ್ಲಿ, ಚಿತ್ರದಲ್ಲಿ ತಿಳಿಹೇಳಿದ. ಆಪರೇಷನ್ನಿನ ಹಿಂದಿನ ಸಂಜೆ ಅವಳು ಎಡಗಿವಿ ಹಿಡಿದುಕೊಂಡು ಕೇಳಿದಳು, "ಅಪ್ಪ, ಅಮ್ಮನ ದನಿ ಹೇಗಿತ್ತು? ಈ ಕಿವಿಯಲ್ಲೇ ಕೇಳಿಸು."

ಇವನು ಎದ್ದವನೇ ಆಸ್ಪತ್ರೆಗೆ ಓಡಿದ. ಹೆಡ್‌ಫೋನಿನಲ್ಲಿ ದನಿ ಜೋರು ಮಾಡಿದರೆ ಆಗುತ್ತಿತ್ತು. ಹುಡುಕಿದ. ರೆಕಾರ್ಡು ಇಲ್ಲ. ಉಗ್ರಾಣಕ್ಕೆ ಹೋಗಿ ಎರಡು ವರ್ಷವಾಗಿತ್ತು. ಕೋರಿಕೆ ಹಾಕಿದಾಗ ಸಂಜೆ ಏಳೂವರೆ. ಆಪರೇಷನ್ ಬೆಳಗ್ಗೆ ಆರಕ್ಕೆ.

ಉಗ್ರಾಣದ ರಾತ್ರಿ ಪಾಳಿಯವನಿಗೆ ಫೋನು ಮಾಡಿದ.

"ಬೆಳಗ್ಗೆ ಏಳೂವರೆಗೆ ಬರತ್ತೆ ಅಣ್ಣ. ಸಾಲಲ್ಲಿ ನಿಂತಿದೆ."

"ಆರಕ್ಕೆ ಮಗಳ ಆಪರೇಷನ್ನು ಕಣಪ್ಪ. ಐದಕ್ಕೆ ಮನೆ ಬಿಡಬೇಕು."

"ತುರ್ತು ಅನ್ನೋ ದಾರೀನೇ ಇಲ್ಲ ಇದರಲ್ಲಿ. ಯಾವ ಮಹಾರಾಯ ಬರೆದ್ನೋ ಈ ನಿಯಮಾನ! ನನ್ನ ಕೈಗೆ ಸಿಗಲಿ ಅವನು."

ಇವನು, "ಸಿಕ್ಕಿದಾನೆ" ಅಂದು ಫೋನಿಟ್ಟ.

ಹನ್ನೊಂದರವರೆಗೂ ಅಲ್ಲೇ ಕೂತಿದ್ದು, ಬಸ್ಸು ತಪ್ಪಿ, ನಡೆದುಕೊಂಡು ಹೊರಟ. ಬಾವಿಯ ಹತ್ತಿರ ಆ ಕೆಮ್ಮು... ಟಕ್, ಟಕ್. ಆಮೇಲೆ ಎಣಿಕೆ.

"ಒಂದು... ಎರಡು... ಮೂರು..."

ರೆಕಾರ್ಡಿಗೆ ಕೂತವರೆಲ್ಲ ಮೊದಲು ಇಪ್ಪತ್ತರವರೆಗೆ ಎಣಿಸಬೇಕು. ಇದು ಹೆಂಡತಿಯದೇ ದನಿ. ದನಿ ಹಿಂದಿನಿಂದಲ್ಲ, ಮುಂದಿನಿಂದ ಬರುತ್ತಿತ್ತು. ಹತ್ತು ಹೆಜ್ಜೆ ಮುಂದೆ. ಇವನು ಬೇಗ ನಡೆದರೆ ಅದೂ ಬೇಗ. ಓಡಿದರೆ... ಅದು ಇನ್ನೂ ಮುಂದೆ.

"ಒಂದ್ನಿಮಿಷ ನಿಲ್ಲೇ" ಅಂದನಂತೆ, ಪಿಸುಮಾತಲ್ಲಿ. ನಿಲ್ಲಲಿಲ್ಲ. ಇಪ್ಪತ್ತು ಅಂದದ್ದು ನಮ್ಮ ಬೀದಿಯ ತಿರುವಿನಲ್ಲಿ. ಆಮೇಲೆ ಸದ್ದಿಲ್ಲ.

ಆ ಹೊತ್ತಿಗೆ ನಾನು ಮಗುವಿನ ಕೋಣೆಯಲ್ಲಿ ಕುರ್ಚಿಯ ಮೇಲಿದ್ದೆ. ದೇವರೇ, ಇದೊಂದನ್ನು ನಡೆಸಿಕೊಡು ಅಂತ ಬೇಡುತ್ತ ಬೇಡುತ್ತ ಕಣ್ಣು ಹತ್ತಿತ್ತು. ನಡುವೆ ಒಂದು ಸಲ ಅರೆನಿದ್ದೆಯಲ್ಲಿ "ಹ್ಞೂಂ" ಅಂತ ಕೇಳಿಸಿತು. ಮಗು ಕನಸಲ್ಲಿ ಕನವರಿಸುತ್ತಿದೆ ಅಂದುಕೊಂಡೆ. ಪಾಪಿ ನಾನು, ಮತ್ತೆ ಮಲಗಿದೆ.

ಇವನು ಮನೆಗೆ ಬಂದು ಕೋಣೆಯ ಬಾಗಿಲು ತಳ್ಳಿದಾಗ ಮಗು ಹಾಸಿಗೆಯ ಮೇಲೆ ಎದ್ದು ಕೂತಿತ್ತು. ಕತ್ತು ವಾಲಿಸಿ, ಎಡಗಿವಿ ಮೇಲೆ ಮಾಡಿ, ಯಾರೋ ಕಿವಿಯಲ್ಲಿ ಹೇಳುತ್ತಿರುವ ಹಾಗೆ... ಮುಖದಲ್ಲಿ ನಗು.

ಇವನಿಗೆ ಏನೂ ಕೇಳಿಸಲಿಲ್ಲ. ಏನೂ ಅಂದರೆ ಏನೂ ಇಲ್ಲ.

ಮಗು ಇವನ ಕಡೆ ತಿರುಗಿತು. ನಗು ಹೋಯಿತು.

"ಯಾಕಪ್ಪ ಬಂದೆ? ಅಮ್ಮ ನಿಲ್ಲಿಸಿಬಿಟ್ಟಳು."

ಅವನ ಅಳು ಕೇಳಿ ನನಗೆ ಎಚ್ಚರವಾಯಿತು. ಬಾಗಿಲಲ್ಲೇ ಕುಸಿದು, ಬಾಯಿಗೆ ಅಂಗೈ ಒತ್ತಿಕೊಂಡು ಅಳುತ್ತಿದ್ದ. ಮಗಳು ಇಳಿದು ಬಂದು ಅವನ ತಲೆ ಸವರುತ್ತ ಹೇಳಿದಳು, "ಅಮ್ಮ ಹಾಲು ಕುಡಿದ್ಯಾ ಅಂದಳು. ಚಪ್ಪಲಿ ಎಲ್ಲಿ ಬಿಟ್ಟೆ ಅಂದಳು. ಹತ್ತಿರ ಬಾ ಅಂದಳು. ಮೆತ್ತಗಿದೆ ಅಪ್ಪ, ಅಮ್ಮನ ದನಿ."

ಬೆಳಗ್ಗೆ ಆಪರೇಷನ್ ಆಯಿತು. ದೇವರ ದಯೆ, ಮಗು ಚೆನ್ನಾಗಿದೆ. ಈಗ ಯಂತ್ರದಲ್ಲಿ ನನ್ನ ದನಿ ಕೇಳಿ, "ಅತ್ತೆ, ನೀನು ಬಾತುಕೋಳಿ" ಅಂತ ನಗುತ್ತಾಳೆ.

ರೆಕಾರ್ಡು ಹೇಳಿದ ಹೊತ್ತಿಗೇ ಬಂತು, ಏಳೂವರೆಗೆ. ಅದಕ್ಕೂ ಮೊದಲು ಯಾರೂ ತೆರೆದಿರಲಿಲ್ಲ, ತೆರೆಯಲು ಸಾಧ್ಯವೂ ಇರಲಿಲ್ಲ ಅಂತ ಉಗ್ರಾಣದವನು ಬರೆದುಕೊಟ್ಟಿದ್ದಾನೆ. ನಾಲ್ಕು ದಿನ ಬಿಟ್ಟು ಇವನು, "ಅಕ್ಕ, ನೀನು ಜೊತೆಗಿರು" ಅಂದ. ಇಬ್ಬರೂ ಒಂದೇ ಹೆಡ್‌ಫೋನಿಗೆ ಕಿವಿ ಕೊಟ್ಟು ಕೂತೆವು.

ಕೆಮ್ಮು. ಟಕ್, ಟಕ್. ಎಣಿಕೆ. "ಹಾಲು ಕುಡಿದ್ಯಾ?" ಅಂದಳು. ಆಹಾ, ಅದೇ ದನಿ, ನಿನ್ನೆ ಮಾತಾಡಿದ ಹಾಗೆ. ಸ್ವಲ್ಪ ಬಿಡುವು... ಆ ಬಿಡುವಿನಲ್ಲಿ ಒಂದು "ಹ್ಞೂಂ."

ಇವನು ನಿಲ್ಲಿಸಿದ. ಹಿಂದೆ ಹಾಕಿದ. ಮತ್ತೆ ಕೇಳಿದೆವು. ಅದು ನಮ್ಮ ಮಗುವಿನ ದನಿ. ಹತ್ತು ತಿಂಗಳ ಕೂಸಿನದಲ್ಲ, ಈಗಿನದು. ಪ್ರತಿ ಮಾತಿಗೂ ಅವಳ "ಹ್ಞೂಂ" ಇತ್ತು.

ಮೊದಲ ಹಾಳೆಯ ಮಾತು ಮುಗಿಯಿತು. ಹಾಳೆ ಮಗುಚಿದ ಸರಸರ ಸದ್ದು. "ರೀ..." ಅಂದಳು. ಅಷ್ಟರಲ್ಲಿ ಬಾಗಿಲಿನ ಕೀಲು, ಕಿರ್‍ರ್... ಅಲ್ಲಿಗೆ ಮಾತು ನಿಂತಿತು.

ರೆಕಾರ್ಡು ಮಾತ್ರ ಮುಗಿಯುವುದಿಲ್ಲ. ಇನ್ನೂ ಆರು ನಿಮಿಷ ಓಡುತ್ತದೆ. ಆ ಆರು ನಿಮಿಷ ಮಾತೇನೂ ಇಲ್ಲ. ಮೈಕಿಗೆ ತೀರಾ ಹತ್ತಿರದಲ್ಲಿ ಒಬ್ಬರು ಮಾತಾಡಲು ಉಸಿರು ಎಳೆದುಕೊಳ್ಳುತ್ತಾರೆ, ಬಿಡುತ್ತಾರೆ... ಎಳೆದುಕೊಳ್ಳುತ್ತಾರೆ, ಬಿಡುತ್ತಾರೆ. ಇವನು ದಿನಾ ರಾತ್ರಿ ಅದನ್ನು ಕೇಳಿಯೇ ಮಲಗುತ್ತಾನೆ. ಅದು ಇನ್ನು ಉಗ್ರಾಣಕ್ಕೆ ಹೋಗುವುದಿಲ್ಲ.

ನಂಬುವವರು ನಂಬಿ, ಬಿಡುವವರು ಬಿಡಿ. ನಾನು ದೇವರ ಮುಂದೆ ದೀಪ ಹಚ್ಚುವವಳು, ಕೇಳಿದ್ದನ್ನು ಕೇಳಿದೆ ಅನ್ನುತ್ತೇನೆ. ಅನುಮಾನ ಇದ್ದರೆ ಬನ್ನಿ, ಅವನೇ ಕೇಳಿಸುತ್ತಾನೆ. ಆ ಉಸಿರಿನ ಹಿಂದೆ, ಸ್ವಲ್ಪ ದೂರದಲ್ಲಿ, ಕುರ್ಚಿಯ ಮೇಲೆ ಯಾರೋ ಗೊರಕೆ ಹೊಡೆಯುವುದು ಕೇಳಿಸುತ್ತದೆ.

ಆ ಗೊರಕೆ ನನ್ನದು.