ಲೋರ್ನಾಳ ಹೊಸ ಹಾಡು

ಅಮೆರಿಕದ ಕೆಂಟಕಿಯ ಗಣಿಯೂರಿನಲ್ಲಿ ಗಾಯಕಿ ಲೋರ್ನಾ ಟ್ಯಾಕೆಟ್‌ಳ ಕಾರ್ಯಕ್ರಮದ ಟಿಕೆಟ್‌ಗೆ ಸರದಿ ಸಾಲು ನಿಂತಿತ್ತು. ಸಾಲಿನಲ್ಲಿದ್ದ ಓಪಲ್ ತನ್ನ ಮುಂದಿದ್ದ ಗೆಳತಿಯರಾದ ನೇಡೀನ್ ಮತ್ತು ವಿಲ್ಮಾರ ಮಾತಿಗೆ ಕಿವಿಗೊಟ್ಟಳು.

“ಹೊಟ್ಟೆಗಿಲ್ದೆ ಬೆಳೆದ್ಲಂತೆ! ಹಾಡು ಮಾರೋಕೆ ಕಟ್ಟಿದ ಕಥೆ ಕಣೇ ವಿಲ್ಮಾ.”

“ಕಥೆಯಲ್ಲ ನೇಡೀನ್. ಅವಳಪ್ಪ ಗಣೀಲಿ ಸತ್ತ ವರ್ಷ ಸ್ಕೂಲಿಗೆ ಖಾಲಿ ಡಬ್ಬಿ ತರ್ತಿದ್ಲು.”

“ಯಾರೋ ಶೂ ಹೊಳೆಗೆಸೆದ್ರು, ಹಿಮದಲ್ಲಿ ಬರಿಗಾಲಲ್ಲಿ ಮನೆಗೆ ನಡೆದೆ ಅಂತ ಹಾಡ್ತಾಳಲ್ಲ, ಅದೂ ನಿಜಾನಾ?”

“ನಿಜ.”

“ನಿಂಗೆ ಹೇಗೆ ಗೊತ್ತು?”

ವಿಲ್ಮಾ ದನಿ ತಗ್ಗಿಸಿದಳು. “ಎಸೆದೋಳು ನಾನೇ.”

“ಮತ್ತೆ ಇಲ್ಲಿಗ್ಯಾಕೆ ಬಂದೆ ಮಾರಾಯ್ತಿ?”

“ಇವತ್ತು ಹೊಸ ಹಾಡು ಹಾಡ್ತಾಳಂತೆ. ಅದರಲ್ಲಿ ನನ್ನ ಹೆಸರು ಹಾಕಿದಾಳೋ ಏನೋ, ಯಾರಿಗ್ಗೊತ್ತು?”

ಅಷ್ಟರಲ್ಲಿ ಅವರ ಸರದಿ ಬಂತು. ವಿಲ್ಮಾ ಕಿಟಕಿಗೆ ಬಗ್ಗಿ, ಕಟ್ಟಕಡೆಯ ಸಾಲಿನಲ್ಲಿ ಎರಡು ಸೀಟು ಕೇಳಿದಳು. ಇಬ್ಬರೂ ಟಿಕೆಟ್ ಹಿಡಿದು ಒಳಗೆ ಹೋದರು.